ಬಿಸ್ಕತ್ತಿನ ಮೇಲಿನ ಕಬಡ್ಡಿ

ಹಾಲಿನಲ್ಲಿ ಕಲಸಿದ ಸಕ್ಕರೆಪುಡಿಗೆ ನಾರಿನ ಕುಂಚ ಅದ್ದಿ, ನೆರೆಮನೆಯ ಗೌರಕ್ಕ ನಾನು ಕೆಂಡದಲ್ಲಿ ಬೇಯಿಸಿದ್ದ ಬಿಸ್ಕತ್ತಿನ ಮೇಲೆ ಕೆಲವೇ ಗೆರೆ ಎಳೆದಳು. ಮದುವೆಮನೆಯ ಗೋಡೆಗೆ ಚಿತ್ತಾರ ಬರೆಯುವ ಕೈ ಅದು. ನೋಡುತ್ತಿದ್ದಂತೆ ಕಬಡ್ಡಿ ಆಟಗಾರನೊಬ್ಬ ಕಾಲು ಬಿಡಿಸಿಕೊಂಡು ಓಡತೊಡಗಿದ. ನಾನು ಉಸಿರು ಬಿಡುವುದನ್ನೇ ಮರೆತೆ.

ಅರವತ್ತರ ದಶಕದ ಮಾತು. ಪಂದ್ಯಕ್ಕೆಂದು ಸಾಗರಕ್ಕೆ ಬಂದಿದ್ದ ಹೊಸನಗರದ ತಂಡಕ್ಕೆ ನಮ್ಮ ಮನೆಯಲ್ಲೇ ಚಹಾ. ಹುಡುಗರು ತಟ್ಟೆ ನೋಡಿ ಕೈಕಟ್ಟಿ ಕುಳಿತರು.

"ಚಿತ್ತಾರ ತಿನ್ನದು ಹೆಂಗಕ್ಕಾ?" ಎಂದ ಅವರ ನಾಯಕ.

ಗೌರಕ್ಕ ಒಂದನ್ನು ಮುರಿದು ಅವನ ಕೈಗಿಟ್ಟಳು. "ಗೋಡೆ ಮೇಲಿಂದೂ ಮಳೆಗಾಲಕ್ಕೆ ಹೋಗ್ತದೆ ಮಾರಾಯ. ಇದು ಹೊಟ್ಟೆಗೆ ಹೋಗ್ಲಿ."

ಒಂದು ಚೂರೂ ಉಳಿಯಲಿಲ್ಲ. ಇಂದಿಗೂ ಅಂಗಡಿಯ ಬಿಸ್ಕತ್ತನ್ನು ಕಚ್ಚುವ ಮೊದಲು ತಿರುಗಿಸಿ ನೋಡುತ್ತೇನೆ, ಯಾರಾದರೂ ಓಡುತ್ತಿದ್ದಾರೇನೋ ಎಂದು.