ಒಂಬತ್ತನೆಯ ಬಡಿತ

ಚಪ್ಪಾಳೆ ಕೇಳಿದರೆ ನನಗೆ ಈಗ ಹೆದರಿಕೆಯಾಗುತ್ತದೆ. ಯಾಕೆಂದು ಹೇಳಬೇಕಾದರೆ ನನ್ನ ಕೆಲಸದಿಂದಲೇ ಶುರು ಮಾಡಬೇಕು. ರಾಜಾಜಿನಗರದ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಹೆಸರಿಲ್ಲ. ಮಗಳು ಹಾಡುತ್ತಾಳಾ ಎಂದು ಯಾರಾದರೂ ಕೇಳಿದರೆ ಅಮ್ಮ "ಇಲ್ಲ, ಕಂಪ್ಯೂಟರಲ್ಲಿ ಏನೋ ಸೌಂಡ್ ಮಾಡ್ತಾಳೆ" ಎನ್ನುತ್ತಾಳೆ. ಸಂಗೀತ ಕಲಿಯಲಿ ಎಂದು ತಂದುಕೊಟ್ಟ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಹದಿನಾಲ್ಕನೇ ವಯಸ್ಸಿನಲ್ಲಿ ಬಿಚ್ಚಿ, ಒಳಗೆ ಬೆರಳಾಡಿಸಿ, ಅದು ನರಳುವಂತೆ ಮಾಡಿದವಳು ನಾನು. ಪಾಠ ಅಲ್ಲಿಗೆ ನಿಂತಿತು, ನರಳಿಸುವುದು ನಿಲ್ಲಲಿಲ್ಲ. ಇಪ್ಪತ್ತು ವರ್ಷಗಳಿಂದ ಮಿಕ್ಸಿ, ಬೋರ್‌ವೆಲ್ ಮೋಟರು, ತಿರುವಿನಲ್ಲಿ ಕಿರುಗುಟ್ಟುವ ಮೆಟ್ರೋ, ಇವುಗಳ ಸದ್ದನ್ನೆಲ್ಲ ಹಿಡಿದು ತಂದು ಹಿಗ್ಗಿಸಿ ಕುಗ್ಗಿಸಿ ನಲವತ್ತು ಜನರ ಮುಂದೆ ನುಡಿಸುತ್ತೇನೆ. ನಲವತ್ತು ಎಂದರೆ ಒಳ್ಳೆಯ ದಿನ.

ಅಪ್ಪ ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ. ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ರಿಪೇರಿ ಮಾಡಿ ನಿವೃತ್ತರಾದವರು. ಓಡುವ ಮೋಟರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರಂತೆ. "ಆ ಸದ್ದು ಹೋಗ್ಲಿ ಅಂತ ಜೀವನ ಎಲ್ಲಾ ದುಡಿದಿದೀನಿ. ಈಗ ಅದನ್ನೇ ಟಿಕೆಟ್ ತಗೊಂಡು ಕೇಳ್ಬೇಕಾ?" ಎಂಬುದು ಅವರ ವಾದ. ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಕಳೆದ ವರ್ಷ ಮನೆಯ ಸದ್ದುಗಳಿಂದಲೇ ಅರ್ಧ ಗಂಟೆಯ ರಚನೆಯೊಂದನ್ನು ಮಾಡಲು ಕೂತೆ. ಸ್ಟೆತಸ್ಕೋಪಿನ ಕೊಳವೆಯೊಳಗೆ ಚಿಕ್ಕ ಮೈಕು ತುರುಕಿ ಅಮ್ಮನ ಎದೆಬಡಿತ ಹಿಡಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೂತಿದ್ದಳು. ಆಮೇಲೆ ಕೇಳಿದರೆ, ಎಂಟು ಬಡಿತ ಸರಿಯಾಗಿ ಬಂದು ಒಂಬತ್ತನೆಯದು ಇಲ್ಲ. ಸ್ವಲ್ಪ ಖಾಲಿ, ಮತ್ತೆ ಧಪ್ಪೆಂದು ಜೋರಾಗಿ ಒಂದು. ಕೇಬಲ್ ಲೂಸಾಗಿದೆ ಎಂದುಕೊಂಡೆ. ಕೇಬಲ್ ಬದಲಿಸಿದೆ, ಮೈಕನ್ನು ಮತ್ತೆ ಬೆಸುಗೆ ಹಾಕಿದೆ, ಇನ್ನೊಂದು ಸಲ ರೆಕಾರ್ಡ್ ಮಾಡಿದೆ. ಅದೇ. ನನ್ನ ಸಾಮಾನುಗಳ ಮೇಲೆಲ್ಲ ಅನುಮಾನಪಟ್ಟೆ, ಅಮ್ಮನ ಮೇಲೆ ಮಾತ್ರ ಪಡಲಿಲ್ಲ. ಕೊನೆಗೆ ಆ ಖಾಲಿ ಜಾಗವೇ ಇಷ್ಟವಾಗಿಬಿಟ್ಟಿತು. ಅದನ್ನೇ ತಾಳ ಮಾಡಿಕೊಂಡು ಉಳಿದದ್ದನ್ನೆಲ್ಲ ಅದರ ಸುತ್ತ ಕಟ್ಟಿದೆ.

ನಾಲ್ಕು ತಿಂಗಳಲ್ಲಿ ನಾಲ್ಕು ಕಡೆ ನುಡಿಸಿದೆ. "ಆ ಗ್ಯಾಪ್ ಬರುತ್ತಲ್ಲ, ನಮ್ಮ ಉಸಿರೇ ನಿಂತ ಹಾಗಾಗುತ್ತೆ" ಎಂದು ಜನ ಹೊಗಳಿದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ. ಆ ದಿನಗಳಲ್ಲೇ ಅಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕೇಳಿದರೆ ಗ್ಯಾಸು ಎನ್ನುತ್ತಿದ್ದಳು. ನಾವೂ ಗ್ಯಾಸೆಂದೇ ನಂಬಿಕೊಂಡಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ಹೊಸ ಸ್ಪೀಕರನ್ನು ನಡುಮನೆಯಲ್ಲಿಟ್ಟು ಆ ಬಡಿತವನ್ನಷ್ಟೇ ಹಾಕಿದ್ದೆ. ಅಪ್ಪ ಪೇಪರ್ ಕೆಳಗಿಟ್ಟು ಎದ್ದು ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಸ್ಪೀಕರಿನ ಮೇಲೆ ಅಂಗೈ ಊರಿ, ತಲೆ ಬಗ್ಗಿಸಿ ಸುಮಾರು ಹೊತ್ತು ನಿಂತರು.

"ಯಾವ್ ಮೆಷಿನ್ನೇ ಇದು?"

"ಯಾಕಪ್ಪ?"

"ಒಳಗೇನೋ ಹಿಡ್ಕೊಂಡು ಹಿಡ್ಕೊಂಡು ಬಿಡ್ತಾ ಇದೆ. ಹಿಂಗೇ ಓಡಿಸಿದ್ರೆ ಒಂದಿನ ನಿಂತೇ ಹೋಗುತ್ತೆ. ಯಾರದ್ದೋ ಅವರಿಗೆ ಹೇಳು, ಆಫ್ ಮಾಡಿ ಬಿಚ್ಚಿ ನೋಡ್ಲಿ."

ಅಡುಗೆಮನೆಯಲ್ಲಿ ಅಮ್ಮ ದೋಸೆ ಹುಯ್ಯುತ್ತಿದ್ದಳು. "ಅಮ್ಮಂದು" ಎನ್ನಲು ಬಾಯಿ ಬರದೆ ಆ ಕಡೆ ಕೈ ತೋರಿಸಿದೆ. ಅಪ್ಪನಿಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಎದೆ ಮುಟ್ಟಿ ತೋರಿಸಿದೆ. ಆ ಸದ್ದು ಇನ್ನು ಒಂದು ಕ್ಷಣವೂ ಬೇಡವೆನಿಸಿ ಸ್ಪೀಕರ್ ಆಫ್ ಮಾಡಲು ಹೋದರೆ, ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು "ಬೇಡ, ಬೇಡ, ನಿಲ್ಲಿಸ್ಬೇಡ" ಎಂದರು. ಅವರು ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಂಗೆ ಬಿ.ಪಿ. ತೋರಿಸ್ಬೇಕು, ನೀನೂ ಬಾರೇ" ಎಂದು ಅಪ್ಪ ಅಮ್ಮನನ್ನು ಹೊರಡಿಸಿದರು. ಹಿಟ್ಟು ಹುಳಿಯಾಗುತ್ತದೆ ಎಂದು ಗೊಣಗುತ್ತಲೇ ಅವಳು ಆಟೋ ಹತ್ತಿದಳು. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಸಿಗ್ನಲ್ ಮೇಲೆ ಸಿಗ್ನಲ್. ಬಳೆ ನೋಡುವವಳ ಹಾಗೆ ನಟಿಸಿ ಅವಳ ಮಣಿಕಟ್ಟು ಹಿಡಿದುಕೊಂಡಿದ್ದೆ. ಎಂಟರ ನಂತರ ಪ್ರತಿ ಸಲ ಬೆರಳು ಒತ್ತಿ ಮುಂದಿನದಕ್ಕೆ ಕಾಯುತ್ತಿದ್ದೆ.

ಆಸ್ಪತ್ರೆಯಲ್ಲಿ ಅವತ್ತೇ ಸೇರಿಸಿಕೊಂಡರು. ಎರಡು ದಿನ ಬಿಟ್ಟು ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟರು. ತಡಮಾಡಿದ್ದರೆ ಕಷ್ಟವಿತ್ತು ಎಂದ ಡಾಕ್ಟರು, "ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ?" ಎಂದು ಕೇಳಿದರು. ಆ ಭಾನುವಾರ ಬೆಳಿಗ್ಗೆ ಎಂದೆ. ಅಪ್ಪ ನನ್ನ ಮುಖ ನೋಡಲಿಲ್ಲ.

ಹೋದ ತಿಂಗಳು ಅಮ್ಮ ತಾನಾಗಿಯೇ ಬಂದು ಕೂತು "ಹೊಸದನ್ನೂ ರೆಕಾರ್ಡ್ ಮಾಡ್ಕೊಳೇ" ಎಂದಳು. ಮಾಡಿಕೊಂಡೆ. ಮೊದಲು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಅಪ್ಪ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ, "ಓಡ್ತಾ ಇದೆ" ಎಂದು ತೆಗೆದಿಟ್ಟರು. ನಿಜ, ಗಡಿಯಾರದ ಹಾಗೆ ಓಡುತ್ತಿದೆ. ಆದರೆ ಅದರಿಂದ ನನಗೆ ಏನನ್ನೂ ಕಟ್ಟಲು ಆಗುತ್ತಿಲ್ಲ. ಹೇಳಿಬಿಡುತ್ತೇನೆ: ಕಿವಿಗೆ ನನಗೆ ಈಗಲೂ ಹಳೆಯದೇ ಇಷ್ಟ. ನನಗೆ ನನ್ನ ಬಗ್ಗೆಯೇ ಭಯ ಹುಟ್ಟುವುದು ಅಲ್ಲಿ.

ಹಳೆಯ ರೆಕಾರ್ಡಿಂಗನ್ನು ಅಳಿಸಲು ಎಷ್ಟೋ ಸಲ ಕೂತಿದ್ದೇನೆ, ಆಗಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಅಮ್ಮನ ಮಣಿಕಟ್ಟು ಹಿಡಿಯುತ್ತೇನೆ. "ಬಿಡೇ, ಕೈಯೆಲ್ಲ ಹಿಟ್ಟು" ಎನ್ನುತ್ತಾಳೆ. ಹತ್ತರವರೆಗೆ ಎಣಿಸಿ ಬಿಡುತ್ತೇನೆ.