ಗ್ರೈಂಡರಿನ ಮುಂದಿನ ಮಣೆ

ನನ್ನ ಹೆಂಡತಿ ದೋಸೆಗೆ ರುಬ್ಬುವಾಗ ಮಣೆಯ ಮೇಲೆ ನಿಂತುಕೊಳ್ಳುತ್ತಿದ್ದಳು. ಊಟಕ್ಕೆ ಕೂರುವ ಹಲಸಿನ ಮರದ ಮಣೆ, ಅವಳ ತವರಿನಿಂದ ಬಂದದ್ದು. ದೇವರಾಜ ಮೊಹಲ್ಲಾದ ನಮ್ಮ ಮನೆಗೆ ಊಟದ ಟೇಬಲ್ಲು ಬಂದ ಮೇಲೆ ಆ ಮಣೆಗೆ ಉಳಿದಿದ್ದ ಕೆಲಸ ಅದೊಂದೇ. ಬರಿನೆಲದ ಮೇಲೆ ನಿಂತು ಗ್ರೈಂಡರಿನ ಮೈ ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ಮಣೆ ಹತ್ತಿ, ಆಮೇಲೆ ಸ್ವಿಚ್ಚು ಒತ್ತುವಳು. ಹಿಟ್ಟು ತೆಗೆದು ಮುಗಿಯುವವರೆಗೂ ಕೆಳಗಿಳಿಯುತ್ತಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಹೀಗೇ ನಡೆಯುತ್ತಿತ್ತು. ಹಳೇ ಮನೆ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ಇದ್ದುಬಿಟ್ಟಿದ್ದೆವು.

ಮನೆಯ ವೈರಿಂಗು ನಮ್ಮ ತಂದೆಯ ಕಾಲದ್ದು. ಗೋಡೆಗೆ ಬಡಿದ ಮರದ ಪಟ್ಟಿ, ಅದರ ಮೇಲೆ ಎರಡೇ ತಂತಿ, ಪ್ಲಗ್ಗು ಚುಚ್ಚುವ ಕಡೆಯೆಲ್ಲ ಎರಡೇ ತೂತು. ಗ್ರೈಂಡರಿನ ಪ್ಲಗ್ಗಿಗೆ ಮೂರು ಪಿನ್ನು. ನಡುವೆ ಒಂದು ಅಡಾಪ್ಟರು ಸಿಕ್ಕಿಸಿ ಹೇಗೋ ಕಾಲ ಹಾಕುತ್ತಿದ್ದೆವು. ಆ ಮೂರನೆಯ ಪಿನ್ನು ಅರ್ತಿಂಗಿನದು, ಯಂತ್ರದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದಕ್ಕೇ ಇರುವುದು ಎಂದು ನನಗೆ ಗೊತ್ತಿತ್ತು. ತಿಳಿಯದೆ ಮಾಡಿಬಿಟ್ಟೆ ಎನ್ನುವ ಅನುಕೂಲ ನನಗಿಲ್ಲ.

ನನ್ನ ಮಗಳು ರಾಮಕೃಷ್ಣನಗರದಲ್ಲಿದ್ದಾಳೆ. ಒಂದು ಸಲ ಬಂದಾಗ ಅಮ್ಮ ಮಣೆ ಹತ್ತಿ ರುಬ್ಬುವುದನ್ನು ನೋಡಿ ಗಾಬರಿಯಾದಳು. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ಮಾಡಿಸಿ ಎಂದು ನನಗೆ ಎರಡೆರಡು ಸಲ ಹೇಳಿಹೋದಳು. ನಾನು ಆಗ ತಾನೇ ಗುಮಾಸ್ತಗಿರಿಯಿಂದ ನಿವೃತ್ತನಾಗಿದ್ದೆ. ನಲ್ಲಿ, ಫ್ಯಾನು, ಚಿಲಕ, ಯಾವುದನ್ನೂ ಸುಮ್ಮನೆ ಇರಲು ಬಿಡುತ್ತಿರಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ ಎಂದು ಹೆಂಡತಿ ನಗುತ್ತಿದ್ದಳು. ನಾಲ್ಕು ಸ್ಕ್ರೂ ತಿರುಗಿಸುವುದಕ್ಕೆ ಹೊರಗಿನವರು ಯಾಕೆ ಎಂದು ನನಗೆ ಜಂಭ.

ಹತ್ತಿರದ ಅಂಗಡಿಗೇ ಹೋಗಿ ಮೂರು ತೂತಿನ ಹೊಸ ಸಾಕೆಟ್ಟುಗಳನ್ನು ತಂದೆ. ಅರ್ತ್ ಎಳೆಸಿದ್ದೀರಾ ಎಂದು ಅಂಗಡಿಯವನು ಕೇಳಿದ. ಹೂಂ ಅಂದೆ. ಭಾನುವಾರ ಬೆಳಿಗ್ಗೆ ಮೇನ್ ಆಫ್ ಮಾಡಿ, ಕಾಲಿಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಇಳಿದೆ. ಹಳೆಯದನ್ನು ಬಿಚ್ಚಿದಾಗ ಹಿಂದೆ ಇದ್ದದ್ದು ಎರಡೇ ತಂತಿ. ಮೂರನೆಯದನ್ನು ಎಳೆಯಬೇಕಾದರೆ ಹಿತ್ತಲಿನ ಕಲ್ಲುಚಪ್ಪಡಿ ಎಬ್ಬಿಸಿ ಗುಂಡಿ ತೋಡಬೇಕು, ಅಲ್ಲಿಂದ ಗೋಡೆಯುದ್ದಕ್ಕೂ ತಂತಿ ತರಬೇಕು. ಅದನ್ನು ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ. ಮೂರನೆಯ ಸ್ಕ್ರೂವನ್ನು ಖಾಲಿ ಬಿಟ್ಟು ಬಿಳಿಯ ಪ್ಲೇಟು ಮುಚ್ಚಿದೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಮಾತು ಅವತ್ತು ನೆನಪಾಗಲಿಲ್ಲ.

ಮೇನ್ ಹಾಕಿ, ಗ್ರೈಂಡರು ತಿರುಗಿಸಿ, ಅವಳ ಮುಂದೆಯೇ ಅದರ ಮೈಮೇಲೆ ಅಂಗೈ ಇಟ್ಟು ತೋರಿಸಿದೆ. ಏನೂ ಆಗಲಿಲ್ಲ. ಅಡುಗೆಮನೆಯೊಳಕ್ಕೆ ಚಪ್ಪಲಿ ಹಾಕಿಕೊಂಡು ಬಂದಿದ್ದೀರಲ್ಲ ಎಂದು ಅವಳು ಬೈದಳು. ನಾನು ನಕ್ಕು ಹಿತ್ತಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದೆ. ನನ್ನನ್ನು ಅವತ್ತು ಕಾಪಾಡಿದ್ದು ಆ ರಬ್ಬರ್ ಚಪ್ಪಲಿ. ಅದು ಇಬ್ಬರ ಕಣ್ಣಿಗೂ ಬಿದ್ದಿತ್ತು. ಆದರೆ ಅವಳು ನೋಡಿದ್ದು ಮೈಲಿಗೆಯನ್ನು, ನಾನು ನೋಡಿದ್ದು ನನ್ನ ಕೈಚಳಕವನ್ನು.

"ಹಾಗಾದ್ರೆ ಮಣೆ ತೆಗ್ದುಬುಡ್ಲಾ?" ಅಂದಳು.

"ತೆಗ್ದುಬುಡು. ಇನ್ನೇನೂ ಆಗಲ್ಲ," ಅಂದೆ.

ಅವಳು ಮಣೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಒಣಗಿಸಿ, ಅಟ್ಟಕ್ಕೆ ಹಾಕಿದಳು. ಅವತ್ತಿನಿಂದ ಬರಿಗಾಲಿನಲ್ಲಿ ನೆಲದ ಮೇಲೆ ನಿಂತು ರುಬ್ಬಿದಳು. ಒಂದೆರಡು ಸಲ ಸ್ವಲ್ಪ ಜುಮ್ಮೆಂದಿತು ಅಂದಿದ್ದಳು. ಅಭ್ಯಾಸ ಬಲದಿಂದ ಹಾಗೆ ಅನ್ನಿಸುತ್ತದೆ ಎಂದು ನಾನು ಹೇಳಿದೆ. ಅವಳು ನಂಬಿದಳು. ಮೂವತ್ತೈದು ವರ್ಷ ನನ್ನ ಮಾತು ನಂಬಿ ಬದುಕಿದವಳು, ಅದೊಂದನ್ನು ಯಾಕೆ ನಂಬದೆ ಇರುತ್ತಾಳೆ?

ಆಷಾಢದಲ್ಲಿ, ನೆಲವೆಲ್ಲ ತಂಡಿ ಹಿಡಿದಿದ್ದ ಒಂದು ಬೆಳಿಗ್ಗೆ, ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಗ್ರೈಂಡರು ತಿರುಗುತ್ತಲೇ ಇತ್ತು. ಇಷ್ಟು ಹೊತ್ತು ರುಬ್ಬುತ್ತಾಳಲ್ಲ ಅನ್ನಿಸಿ ಕೂಗಿದೆ. ಉತ್ತರ ಬರಲಿಲ್ಲ. ಒಳಗೆ ಹೋದಾಗ ಬಿದ್ದಿದ್ದಳು, ಕೈಯಲ್ಲಿ ಇನ್ನೂ ಹಿಟ್ಟು ಇತ್ತು. ಮೊದಲು ಓಡಿಹೋಗಿ ಮೇನ್ ಆಫ್ ಮಾಡಿದೆ. ಅವಳ ಹತ್ತಿರ ಹೋಗುವುದಕ್ಕೂ ಮುಂಚೆ ನನ್ನ ಕಾಲು ಮೇನಿನ ಕಡೆ ಓಡಿತ್ತು. ಏನಾಗಿದೆ ಎಂದು ನನಗೆ ಆ ಕ್ಷಣಕ್ಕೇ ತಿಳಿದಿತ್ತು. ಆಸ್ಪತ್ರೆಯವರು ನೋಡಿ, ಆಗಲೇ ಹೋಗಿಬಿಟ್ಟಿದ್ದಾರೆ ಎಂದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳೇ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ವಯಸ್ಸಾದವರು, ಯಾದವಗಿರಿಯ ಹಳೆಯ ಬಂಗಲೆಗಳ ವೈರಿಂಗು ಬದಲಾಯಿಸಿ ಪಳಗಿದ್ದವರು. ಅಡುಗೆಮನೆಯ ಪ್ಲೇಟು ಬಿಚ್ಚಿ, ಖಾಲಿ ಸ್ಕ್ರೂವನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ತೂತು ಮೂರೈತೆ, ತಂತಿ ಎರಡೇ ಐತೆ," ಅಂದರು. "ಇದಕ್ಕಿಂತ ಹಳೇದೇ ವಾಸಿಯಿತ್ತು ಸ್ವಾಮಿ. ಅದು ಭಯನಾದ್ರೂ ಹುಟ್ಟುಸ್ತಿತ್ತು."

ಯಾರು ಹಾಕಿದ್ದು ಎಂದು ಕೇಳಿದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಯಾರೋ ಒಬ್ಬ ಬಂದಿದ್ದ, ಹೆಸರು ನೆನಪಿಲ್ಲ ಅಂದೆ. ಮಗಳು ಅಟ್ಟದ ಕಡೆ ನೋಡಿದಳು.

ಅವರು ಹಿತ್ತಲಿನ ಚಪ್ಪಡಿ ಎಬ್ಬಿಸಿ ಆಳವಾಗಿ ಗುಂಡಿ ತೋಡಿ, ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದರು. ಅಲ್ಲಿಂದ ಒಂದೊಂದು ಸಾಕೆಟ್ಟಿಗೂ ಹಸಿರು ತಂತಿ ಎಳೆದರು. ಕರೆಂಟು ಚೂರು ಸೋರಿದರೂ ತಕ್ಷಣ ಲೈನು ಕಡಿದುಹಾಕುವ ಒಂದು ಸ್ವಿಚ್ಚನ್ನು ಮೇನಿನ ಪಕ್ಕ ಕೂರಿಸಿದರು. ಎಲ್ಲ ಸೇರಿ ಎರಡೇ ದಿನದ ಕೆಲಸ. ನಾನು ಆಮೇಲೆ ಎಂದು ಬಿಟ್ಟದ್ದು ಇದನ್ನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬೇಸಿಗೆಯಲ್ಲಿ ಗುಂಡಿ ಒಣಗಲು ಬಿಡಬೇಡಿ, ನೀರು ಹಾಕುತ್ತಿರಿ ಎಂದು ಹೇಳಿ ಅವರು ಹೋದರು.

ಮುಂದಿನ ಬೇಸಿಗೆ ಬರುವವರೆಗೂ ಆ ಸುಳ್ಳನ್ನು ಇಟ್ಟುಕೊಂಡೇ ಇದ್ದೆ. ಮಗಳು ಪ್ರತಿ ಭಾನುವಾರ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ನಿಜ ಹೇಳಿದರೆ ಅವಳೂ ಬರುವುದನ್ನು ಬಿಟ್ಟಾಳು ಎಂಬ ಹೆದರಿಕೆ ನನಗೆ. ಒಂದು ಭಾನುವಾರ ಗುಂಡಿಗೆ ನೀರು ಹಾಕಲು ಬಕೆಟ್ಟು ಎತ್ತಿದಾಗ ಅವಳು ಬಂದು ಕೈಯಿಂದ ತೆಗೆದುಕೊಂಡಳು. ಆಗ ಬಾಯಿಂದ ಬಂದುಬಿಟ್ಟಿತು.

"ಆ ಸಾಕೆಟ್ಟು ಹಾಕಿದ್ದು ನಾನೇ ಕಣಮ್ಮ."

ಅವಳು ನೀರು ಸುರಿಯುತ್ತಲೇ ಇದ್ದಳು.

"ಗೊತ್ತು ಅಪ್ಪ. ಅವತ್ತೇ ಅಮ್ಮ ಫೋನ್ ಮಾಡಿದ್ಲು. ನಿಮ್ಮಪ್ಪನೇ ಕೂತು ಎಲ್ಲಾ ಸರಿ ಮಾಡಿದ್ರು ಕಣೇ, ಇನ್ಮೇಲೆ ನಂಗೆ ಮಣೆ ಬೇಡ್ವಂತೆ ಅಂತ. ತುಂಬ ಖುಷಿಯಾಗಿದ್ಲು."

ಮಗಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಖುಷಿಯಾಗಿದ್ದಳು ಎಂಬುದನ್ನು ತಡೆದುಕೊಳ್ಳಲು ಆಗಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಮಗಳು ಉಳಿದ ನೀರನ್ನು ಗುಂಡಿಗೆ ಸುರಿದು, ಖಾಲಿ ಬಕೆಟ್ಟು ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು.