ಜಂತಿ ಹೇಳಿದ ವಯಸ್ಸು

ನನಗೆ ನನ್ನ ವಯಸ್ಸು ಗೊತ್ತಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಗೊತ್ತಿದ್ದವರು ಏನು ಕಡಿದು ಕಟ್ಟೆ ಹಾಕಿದ್ದಾರೆ? ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಇದೆ. ನಮ್ಮ ಓಣಿಯ ನನ್ನ ವಾರಿಗೆಯವರೆಲ್ಲ ಜನವರಿ ಒಂದರಂದೇ ಹುಟ್ಟಿದವರು. ಆ ದಿನ ಬಳ್ಳಾರಿ ಜಿಲ್ಲೆಯ ಸೂಲಗಿತ್ತಿಯರಿಗೆ ಎಲೆ ಅಡಿಕೆ ಹಾಕಿಕೊಳ್ಳಲೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ತಾರೀಕು ಹಾಕಿದವನು ಕಂಪ್ಯೂಟರಿನವನು, ವರ್ಷ ಹಾಕಿಸಿದವರು ನಮ್ಮ ಯಜಮಾನರು. ಅವನು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ಅವರು. "ನನಗಿಂತ ಮೂರು ವರ್ಷ ಸಣ್ಣಾಕಿ, ಹಾಕ್ಕೊಳ್ಳಪ್ಪ."

ಈ ಮೂರು ವರ್ಷ ಅವರ ಕೈಯಲ್ಲಿನ ಬಡಿಗೆ. ಮದುವೆಯಾದಾಗಿನಿಂದ ಬೀಸುತ್ತಲೇ ಇದ್ದಾರೆ. ಮಾತಿನಲ್ಲಿ ಸೋಲುವ ಹೊತ್ತು ಬಂತೆಂದರೆ ಸಾಕು, "ಲೇ ಈರಮ್ಮ, ನಿನಗಿಂತ ಮೂರು ವರ್ಷ ಜಾಸ್ತಿ ಲೋಕ ಕಂಡೀನಿ" ಎಂದು ಹೆಗಲಿಗೆ ವಲ್ಲಿ ಹಾಕಿಕೊಂಡು ಹೊರಗೆ ನಡೆದುಬಿಡುತ್ತಾರೆ.

ಆ ಮೂರು ಎಲ್ಲಿಂದ ಬಂತು ಎಂದರೆ, ಸಂಬಂಧ ಕುದುರಿಸಿದ ದಲ್ಲಾಳಿಯ ಬಾಯಿಂದ. ಅವನ ಮುಖ್ಯ ಕಸುಬು ಎತ್ತಿನ ವ್ಯಾಪಾರ, ಮದುವೆ ಬಿಡುವಿನ ಕಸುಬು. ಎತ್ತಿಗಾದರೆ ಹಲ್ಲು ನೋಡಬಹುದು. ಆಕಳಿಗೆ ಕೊಂಬಿನ ಮೇಲೆ ಈದಷ್ಟೂ ಸಲ ಬಳೆ ಮೂಡುತ್ತದೆ, ಎಣಿಸಬಹುದು. ಹಾಗೆಂದು ಸಂತೆಗೆ ಹೋಗುವ ಮುಂಚೆ ಕೊಂಬನ್ನು ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಸವರಿ, ಮುದಿ ಆಕಳನ್ನು ಮಣಕ ಮಾಡುವವರೂ ಇದ್ದಾರೆ. ನನಗೆ ಕೊಂಬಿಲ್ಲ, ಅವನು ಬರೀ ಬಾಯಲ್ಲೇ ಹೆರೆದ.

ನಿಜವಾದ ಲೆಕ್ಕ ಬೇರೆಯದೇ ಇತ್ತು. ಯಜಮಾನರು ಸಿರುಗುಪ್ಪದವರು. ತುಂಗಭದ್ರೆಯ ಹೊಸ ಡ್ಯಾಮಿನ ಕಾಲುವೆಗೆ ಮೊದಲ ನೀರು ಬಂದ ವರ್ಷ ಹುಟ್ಟಿದವರು. ಆ ವರ್ಷ ಯಾವುದೆಂದು ಸರ್ಕಾರದ ಕಾಗದದಲ್ಲೇ ಇದೆ. ನಾನು ಕುರುಗೋಡಿನವಳು. "ತಲಬಾಗಿಲು ನಿಲ್ಲಿಸಿದ ವಾರಕ್ಕ ನೀ ಹುಟ್ಟಿದಿ, ಬಾಗಿಲಿಗೆ ಕಟ್ಟಿದ ತೋರಣ ಇನ್ನೂ ಬಾಡಿದ್ದಿಲ್ಲ" ಎಂದು ನಮ್ಮವ್ವ ಹೇಳುತ್ತಿದ್ದಳು. ಬಾಗಿಲು ಯಾವ ವರ್ಷ ನಿಂತಿತು? ಯಾರೂ ಬರೆದಿಡಲಿಲ್ಲ. ಹಿರಿಯರು ಇದ್ದಾಗ ಕೇಳಬೇಕೆನಿಸಲಿಲ್ಲ, ಕೇಳಬೇಕೆನಿಸಿದಾಗ ಹಿರಿಯರಿರಲಿಲ್ಲ. ನಾನೇ ಹಿರಿಯಳಾಗಿದ್ದೆ.

ಇಷ್ಟು ದಿನ ಇಲ್ಲದ ಚಿಂತೆ ಈಗೇಕೆ ಬಂತು ಎಂದರೆ, ಯಜಮಾನರ ಕಣ್ಣು. ಎರಡಕ್ಕೂ ಪೊರೆ ಬಂದಿದೆ. ಬಲಿತರೆ ತೆಗೆಯುವುದು ತ್ರಾಸು, ಬೇಗ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿ ಎರಡು ಹಬ್ಬ ಕಳೆದವು. ಇವರು ಒಲ್ಲೆ ಎನ್ನುತ್ತಾರೆ. ಹೆದರಿಕೆ ಎಂದು ಒಪ್ಪುವುದಿಲ್ಲ, "ಎಲ್ಲಾ ಚಲೋ ಕಾಣಸ್ತೈತಿ" ಎನ್ನುತ್ತಾರೆ. ಚಲೋ ಕಾಣುವುದು ಹೇಗೆ ಎಂದರೆ, ಮೊನ್ನೆ ಸತ್ಯನಾರಾಯಣಪೇಟೆಯಲ್ಲಿ ಸೀರೆ ಅಂಗಡಿಯ ಮುಂದೆ ನಿಲ್ಲಿಸಿದ್ದ ಬೊಂಬೆಗೆ ಕೈಮುಗಿದು "ಅರಾಮ ಅದೀರೇನ್ರಿ ಅಕ್ಕಾರ?" ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಮನೆಗೆ ಬಂದು, "ದುಡ್ಡು ಬಂದ ಮ್ಯಾಲೆ ಜನಕ್ಕ ಸೊಕ್ಕು" ಎಂದು ಅರ್ಧ ದಿನ ಬೈದರು. ಇಂಥ ಕಣ್ಣಿಟ್ಟುಕೊಂಡು ಕೌಲ್ ಬಜಾರಿನ ಆಟೋಗಳ ನಡುವೆ ಟಿವಿಎಸ್ ಓಡಿಸುತ್ತಾರೆ. ನಾನು ಆಪರೇಷನ್ ಎಂದರೆ ಅವರು ಮೂರು ವರ್ಷದ ಬಡಿಗೆ ಎತ್ತುತ್ತಾರೆ.

ಆ ಬಡಿಗೆ ಮುರಿಯುವ ದಾರಿ ತೋರಿಸಿದವಳು ನಸ್ರೀನ್. ಕೌಲ್ ಬಜಾರಿನಲ್ಲಿ ನಮ್ಮದು ಹಳೇ ಕಟ್ಟಿಗೆಯ ಅಂಗಡಿ. ಕೆಡವಿದ ಮನೆಗಳ ಬಾಗಿಲು, ಕಂಬ, ತೊಲೆ ಕೊಂಡು ಮಾರುತ್ತೇವೆ. ಕಾಲೇಜಿನಲ್ಲಿ ಪಾಠ ಹೇಳುವ ನಸ್ರೀನ್ ತಿಂಗಳಿಗೆರಡು ಸಲ ಬಂದು, ಒಳಗೆ ಟೊಳ್ಳಿರುವ ತಿರುಪಿನಿಂದ ತೊಲೆ ಕೊರೆದು, ಪೆನ್ಸಿಲ್ ದಪ್ಪದ ಕಡ್ಡಿಯೊಂದನ್ನು ಎಳೆದುಕೊಂಡು ಹೋಗುತ್ತಾಳೆ. ಮೊದಲ ದಿನ, ಈ ಹುಡುಗಿಗೆ ಗಾಳಿ ಸೋಕಿದೆ ಎಂದುಕೊಂಡಿದ್ದೆ. ಆಮೇಲೆ ಕೂರಿಸಿಕೊಂಡು ಕೇಳಿದೆ.

ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದಂತೆ. ಮಳೆ ಚೆನ್ನಾಗಿ ಆದ ವರ್ಷ ಅಗಲ ಸುತ್ತು, ಕೈಕೊಟ್ಟ ವರ್ಷ ಕೂದಲೆಳೆಯಷ್ಟು. ಒಂದೇ ಸೀಮೆಯ ತೇಗದ ಮರಗಳೆಲ್ಲ ಒಂದೇ ಮಳೆ ಕಂಡವಲ್ಲ, ಎಲ್ಲವುಗಳಲ್ಲೂ ಅದೇ ಅಗಲ, ಅದೇ ಸಣ್ಣ, ಅದೇ ಸಾಲು. ಈ ವರ್ಷ ಕಡಿದ ಮರದಿಂದ ಶುರು ಮಾಡಿ, ಅದರ ಒಳಗಿನ ಸುತ್ತಿಗೆ ಹಳೇ ತೊಲೆಯ ಹೊರಗಿನ ಸುತ್ತನ್ನು ಜೋಡಿಸುತ್ತ, ಹರಿದ ಸೀರೆಯ ಅಂಚಿಗೆ ಅಂಚು ಕೂಡಿಸಿದ ಹಾಗೆ, ಹಿಂದೆ ಹಿಂದೆ ಹೋಗುವುದು. ಅಂಚಿನ ಗೆರೆ ಎಲ್ಲಿ ಕೂಡಿತೋ ಅಲ್ಲಿ ವರ್ಷ ಸಿಕ್ಕಿತು. ನೆಲದಡಿ ಹೂತಿದ್ದ ಕಟ್ಟಿಗೆಗೂ ಹೀಗೇ ವಯಸ್ಸು ಹೇಳುತ್ತಾರಂತೆ. ಮೂರನೇ ಕ್ಲಾಸಿಗೆ ಸಾಲೆ ಬಿಟ್ಟ ನನಗೇ ತಿಳಿಯಿತು, ನಿಮಗೂ ತಿಳಿದಿರಬೇಕು.

ಅದೇ ವಾರ ಕುರುಗೋಡಿನಲ್ಲಿ ನಮ್ಮಣ್ಣನ ಮಗ ಹಳೇ ಮಾಳಿಗೆ ಮನೆ ಕೆಡವಿಸಿ ಕಟ್ಟಿಗೆಯನ್ನೆಲ್ಲ ಲಾರಿಯಲ್ಲಿ ನಮ್ಮ ಅಂಗಡಿಗೆ ಕಳಿಸಿದ. ತಲಬಾಗಿಲಿನ ಚೌಕಟ್ಟು ಇಳಿದದ್ದೇ ತಡ, ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಯಜಮಾನರನ್ನು ನಸ್ರೀನಳ ಎದುರೇ ಹಿಡಿದೆ.

"ಈ ಬಾಗಿಲಿಗೂ ನನಗೂ ಒಂದ ವಯಸ್ಸು. ಕಟ್ಟಿಗಿ ನಾನ ದೊಡ್ಡಾಕಿ ಅಂದ್ರ ಕಣ್ಣು ಮಾಡಿಸ್ಕೋತೀರೇನು?"

"ಮಾಡಿಸ್ಕೋತೀನಿ. ನೀ ಸಣ್ಣಾಕಿ ಅಂದ್ರ ಸಾಯೋತನಕ ಕಣ್ಣಿನ ಸುದ್ದಿ ಎತ್ತಬಾರದು."

"ಎತ್ತಂಗಿಲ್ಲ. ನಸ್ರೀನ್, ಹಾಕವ್ವ ತಿರುಪು!"

ನಸ್ರೀನ್ ಕೊರೆದಳು, ಒಯ್ದಳು, ಉಜ್ಜಿ ನೋಡಿ ಎಣಿಸಿದಳು. ಮೂರು ವಾರದ ಮೇಲೆ ಬಂದು ತಲೆ ಕೆರೆದುಕೊಂಡಳು.

"ಅಮ್ಮ, ಬಡಿಗೇರರು ಹೊರಗಿನ ಸುತ್ತೆಲ್ಲ ಬಾಚಿಲೆ ಕೆತ್ತಿ ಹಾಕ್ಯಾರ. ಉಳಿದ ಕೊನೀ ಸುತ್ತು ನೂರಾ ಮೂವತ್ತು ವರ್ಷದ ಹಿಂದಿಂದು. ಕಡಿದಿದ್ದು ಅದರ ಈಚಿಗೆ. ಎಷ್ಟು ಈಚಿಗೆ ಅಂತ ಹೇಳಾಕ ಬರಂಗಿಲ್ಲ."

ಯಜಮಾನರು ಕೊನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. "ನೂರಾ ಮೂವತ್ತು!" ಎಂದವರೇ ಅಂಗಡಿಯ ಕಟ್ಟೆಯಿಂದಿಳಿದು, ಎದುರಿನ ವೆಲ್ಡಿಂಗ್ ಅಂಗಡಿಗೆ, ಪಕ್ಕದ ಪಂಕ್ಚರ್ ಅಂಗಡಿಗೆ, ಚಹದ ಬಂಡಿಗೆ ಸುದ್ದಿ ಮುಟ್ಟಿಸಿದರು. "ನಮ್ಮನ್ಯಾಕಿಗಿ ನೂರಾ ಮೂವತ್ತಂತ್ರೀ! ಹಲ್ಲು ನೋಡ್ರಿ, ಇನ್ನೂ ಸೇಂಗಾ ಕಡೀತಾಳ!" ಜನ ಬಂದು ನಿಜವಾಗಿಯೂ ನೋಡಿದರು. ಚಹದವನು ನನ್ನ ಕಾಲಿಗೆ ಬಿದ್ದು, "ಆಶೀರ್ವಾದ ಮಾಡ್ರಿ ಅಮ್ಮ, ಬ್ರಿಟಿಷರ ಕಾಲದಾಗ ಚಹಕ್ಕ ರೇಟು ಏನಿತ್ರಿ?" ಎಂದ. ನಾನು ಚೌಕಟ್ಟಿನ ಮೇಲೆ ಕೂತು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆ. ಸಾಕ್ಷಿಯೇ ನಗೆಪಾಟಲಾಗಿ ಪಂದ್ಯ ಸೋಲುತ್ತಿದ್ದೇನೆಂಬುದೂ ಮರೆತಿತ್ತು.

ಹಾಗೆ ಪಕ್ಕೆ ಹಿಡಿದು ಬಗ್ಗಿದಾಗಲೇ ಕಂಡದ್ದು. ಚೌಕಟ್ಟಿನ ಹಿಂದಿನ ಮಗ್ಗುಲಲ್ಲಿ, ಗೋಡೆಗೆ ಹೊಂದಿಕೊಂಡಿದ್ದ ಕಡೆ, ನಾಲ್ಕು ಚೌಕ ತೂತು, ಮಣ್ಣು ಮೆತ್ತಿ ಮುಚ್ಚಿದ್ದವು. ಈ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದ ನನಗೆ ಅದು ಏನೆಂದು ಯಾರೂ ಹೇಳಬೇಕಿಲ್ಲ. ಬಾಗಿಲಿಗೆ ಬೇಕಿಲ್ಲದ ತೂತು ಬಾಗಿಲಿನಲ್ಲಿದ್ದರೆ ಅದು ಮುಂಚೆ ಬೇರೆಲ್ಲೋ ಬೇರೇನೋ ಆಗಿತ್ತು. "ಹೊಸಾ ತೇಗ, ಮುಟ್ಟಿದ್ರ ಎಣ್ಣಿ ಹತ್ತತೈತಿ" ಎಂದು ನಮ್ಮಪ್ಪ ಬಂದವರಿಗೆಲ್ಲ ಬಾಗಿಲು ಸವರಿ ತೋರಿಸುತ್ತಿದ್ದ. ಹಳೇದನ್ನು ಕೊಂಡು, ತೂತನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದ ಮಹಾರಾಯ! ಹಳೇ ಕಟ್ಟಿಗೆಯನ್ನು ಹೊಸದೆಂದು ಮಾರುವ ಬುದ್ಧಿ ನನಗೆ ಎಲ್ಲಿಂದ ಬಂತೆಂದು ಆವತ್ತು ಗೊತ್ತಾಯಿತು.

ತಂದೆಯ ಗುಟ್ಟು ಹೊರಬಿದ್ದರೆ ಮಗಳು ಅಳಬೇಕಂತೆ. ನನಗೆ ಮಾತ್ರ ಕುಣಿಯುವಷ್ಟು ಖುಷಿ. ಬಾಗಿಲು ಸಾಕ್ಷಿಕಟ್ಟೆಯಿಂದ ಇಳಿಯಿತು. ಆದರೆ ಬಾಗಿಲು ನಿಂತ ಮೇಲೆ ಗೋಡೆ ಏಳಬೇಕು, ಗೋಡೆಯ ಮೇಲೆ ಮಾಳಿಗೆ ಹೊರುವ ಜಂತಿ ಕೂರಬೇಕು. ಎಲ್ಲ ಒಂದೇ ಬೇಸಿಗೆಯ ಕೆಲಸ. ನಾನೂ ನಸ್ರೀನೂ ಲಾರಿಯಿಂದ ಇಳಿದ ಜಂತಿಗಳನ್ನೆಲ್ಲ ಉರುಳಿಸಿ ಉರುಳಿಸಿ ನೋಡಿದೆವು. ಎಲ್ಲವೂ ತೇಗದವೇ, ಇಪ್ಪತ್ತೆರಡು ನುಣ್ಣಗೆ ಕೆತ್ತಿದಂಥವು. ಇಪ್ಪತ್ತಮೂರನೆಯದು ಅಡುಗೆಮನೆಯ ಮೂಲೆಯದು, ಹೊಗೆ ಹಿಡಿದು ಕಪ್ಪಾದದ್ದು, ಬಿಲ್ಲಿನ ಹಾಗೆ ಬಾಗಿದ್ದು. ಅದರ ಒಂದು ಮಗ್ಗುಲಿಗೆ ಅಂಗೈಯಗಲ ತೊಗಟೆ ಹಾಗೇ ಉಳಿದಿತ್ತು.

ನಸ್ರೀನ್ ಆ ಮಸಿ ಕಟ್ಟಿಗೆಯನ್ನು ತಬ್ಬಿಕೊಂಡುಬಿಟ್ಟಳು. ತೊಗಟೆ ಇದ್ದರೆ ಮರ ಬದುಕಿದ್ದ ಕೊನೆಯ ವರ್ಷವೂ ಇದ್ದಂತೆ. ಅಲ್ಲಿಗೆ ಎಣಿಕೆ ಮುಟ್ಟಿದರೆ ಕಡಿದ ವರ್ಷ ಕೈಗೆ ಬಂತು. ಚೊಕ್ಕ ಕೆಲಸದ ಬಡಿಗೇರರು ಕೆತ್ತಿ ಕೆತ್ತಿ ಸಾಕ್ಷಿಯನ್ನೆಲ್ಲ ಒಲೆಗೆ ಹಾಕಿದರು. ಯಾವನೋ ಒಬ್ಬ ಮೈಗಳ್ಳ, ಮೂಲೆಯ ಜಂತಿ, ಯಾರು ನೋಡುತ್ತಾರೆ ಎಂದು ಬಾಚಿ ಕೆಳಗಿಟ್ಟು ಬೀಡಿ ಹಚ್ಚಿರಬೇಕು. ಜಗತ್ತಿನಲ್ಲಿ ಏನಾದರೂ ಉಳಿದಿದ್ದರೆ ಅದು ಇಂಥವರ ದಯದಿಂದ. ಅಂದಿನಿಂದ ಮೂಲೆ ಬಿಟ್ಟು ಕಸ ಹೊಡೆಯುವ ಸೊಸೆಗೆ ಬೈಯುವುದನ್ನು ಕಡಿಮೆ ಮಾಡಿದ್ದೇನೆ.

ಮತ್ತೆ ಮೂರು ವಾರ. ನಸ್ರೀನ್ ಬಂದಾಗ ವೆಲ್ಡಿಂಗಿನವನು ಕಿಡಿ ಹಾರಿಸುವುದು ನಿಲ್ಲಿಸಿದ, ಚಹದವನು ಬಂಡಿ ಬಿಟ್ಟು ಬಂದ.

"ಅಜ್ಜಾರ, ಈ ಮರ ಕಡಿದಿದ್ದು ಸಿರುಗುಪ್ಪಕ್ಕ ಕಾಲುವಿ ನೀರು ಬರೋದಕ್ಕಿಂತ ನಾಕು ವರ್ಷ ಮುಂಚೆ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಕೈ ಮೇಲೆತ್ತಿ, ನಟ್ಟನಡು ಬಜಾರಿನಲ್ಲಿ ಒಂದು ಸುತ್ತು ತಿರುಗಿದೆ. ಮಂಡಿ ಕಟಕ್ಕೆಂದಿತು, ಅನ್ನಲಿ ಬಿಡು ಎಂದುಕೊಂಡೆ.

ಯಜಮಾನರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಕಡಿದಿದ್ದು ಅವಾಗ. ಬಾಗಿಲು ನಿಲ್ಲಿಸಿದ್ದು? ಕಟ್ಟಿಗಿ ಒಣಗಾಕ ಬಿಟ್ಟಿರತಾರ. ನಾಕ ಏನು, ಎಂಟು ವರ್ಷ ಬಿಟ್ಟಿರಬೌದು."

"ಒಣಗಿಸಿದ್ರ ಇಷ್ಟು ಸೊಟ್ಟ ಆಗ್ತಿದ್ದಿಲ್ರಿ ಅಜ್ಜಾರ. ಹಸೀದು ಹಾಕ್ಯಾರ, ಮಾಳಿಗಿ ಭಾರಕ್ಕ ಬಾಗೈತಿ. ಆದ್ರ ಬಾಗಿಲು ನಿಂತಿದ್ದು ಇದ ವರ್ಷ ಅಂತ ನಾ ಬರದು ಕೊಡಾಕ ಆಗಂಗಿಲ್ಲ, ಅದೂ ಖರೇನ."

"ನೋಡಿದ್ಯಾ! ಬರದು ಕೊಡಂಗಿಲ್ಲಂತ!"

"ಬಾಯಿಲೆ ಹೇಳಿದ್ದು ಸಾಲದೇನ್ರೀ? ಆ ಎತ್ತಿನ ದಲ್ಲಾಳಿ ಏನು ಛಾಪಾ ಕಾಗದದಾಗ ಬರದು ಕೊಟ್ಟಿದ್ನೇನು?"

ಕಟ್ಟೆಯ ಸುತ್ತ ನಿಂತವರೆಲ್ಲ ನನ್ನ ಕಡೆಗಾದರು. ಯಜಮಾನರು ಬಾಗಿದ ಜಂತಿಯನ್ನು ಕೈಯಿಂದ ತಡವಿ ತಡವಿ ನೋಡಿದರು. ಕಣ್ಣಿಗೆ ಕಂಡಿದ್ದರೆ ತಡವುತ್ತಿರಲಿಲ್ಲ. ತಡವುತ್ತಲೇ ಚಹದವನನ್ನು "ಕಣ್ಣಾಗ ಸೂಜಿ ಚುಚ್ತಾರೇನಲೇ?" ಎಂದು ಕೇಳಿದರು. ಇಷ್ಟು ದಿನ ಹಿಡಿದದ್ದು ಹೆದರಿಕೆಯ ಹಟ ಎಂದು ಆಗ ಎಲ್ಲರಿಗೂ ಕಂಡಿತು. ನಾನು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಇಳಿಬಿಟ್ಟೆ. ನಗುವುದಕ್ಕೂ ಒಂದು ಲೆಕ್ಕ ಬೇಕು.

ಕೊನೆಗೆ ಅವರೇ ರಾಜಿಗೆ ಬಂದರು. "ಸಾಕ್ಷಿ ಅರ್ಧ ಐತಿ. ನಾನೂ ಅರ್ಧ ಒಪ್ತೀನಿ. ಒಂದು ಕಣ್ಣು."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ವ್ಯಾಪಾರದವಳು ನಾನು, ಬಂದ ಗಿರಾಕಿಯನ್ನು ಬಿಟ್ಟುಕೊಡಲಿಲ್ಲ. ಮರುದಿನವೇ ಕರೆದುಕೊಂಡು ಹೋಗಿ ಬಲಗಣ್ಣಿನ ಆಪರೇಷನ್ ಮಾಡಿಸಿದೆ. ಕಾಲು ತಾಸಿನ ಕೆಲಸ. ಹೊರಗೆ ಬಂದವರು "ಇಷ್ಟೇ ಏನು?" ಎಂದು ಡಾಕ್ಟರನ್ನೇ ಗದರಿಸಿದರು.

ಪಟ್ಟಿ ಬಿಚ್ಚುವ ದಿನ ನಾನು ಎದುರಿಗೇ ಕೂತಿದ್ದೆ. ಕಣ್ಣು ಪಿಳಿಪಿಳಿ ಮಾಡಿ ಗೋಡೆ ನೋಡಿದರು, ಫ್ಯಾನು ನೋಡಿದರು, ನನ್ನನ್ನು ನೋಡಿದರು. ಹಣೆಯಿಂದ ಗದ್ದದವರೆಗೆ ಒಂದೊಂದೇ ಗೆರೆಯನ್ನು ನೋಡುತ್ತ ಬಂದರು. ಮರದ ಸುತ್ತು ಎಣಿಸಲು ನಸ್ರೀನಳಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು.

"ಲೇ, ಹೊಸಾ ಕಣ್ಣಾಗ ನೀ ಖರೇನ ದೊಡ್ಡಾಕಿ. ನಾಕ ವರ್ಷ ಕಡಿಮೀನ ಆತು. ಹಳೇ ಕಣ್ಣಾಗ ಇನ್ನೂ ಮದುವ್ಯಾಗ ಕಂಡಂಗ ಅದಿ. ಅದೊಂದು ಹಂಗ ಇರ್ಲಿ ಬಿಡು."

ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಎದ್ದು ಸೀದಾ ಹೊರಗಿನ ಕೌಂಟರಿಗೆ ಹೋಗಿ ಎಡಗಣ್ಣಿಗೂ ಬರುವ ಸೋಮವಾರ ಹಾಕಿಸಿದೆ. ಒಂದೊಂದು ಕಣ್ಣಿಗೆ ಒಬ್ಬೊಬ್ಬಳು ಹೆಂಡತಿ ಎಂದರೆ ಗಂಡಸರಿಗೆ ಚೆನ್ನಾಗಿಯೇ ಇರುತ್ತದೆ. ಇಬ್ಬರ ಪಾಲಿನ ರೊಟ್ಟಿ ಬಡಿಯುವವಳು ಮಾತ್ರ ಒಬ್ಬಳೇ.